ನಿಲ್ಲಿಸಿದ ಮಾತ್ರೆ, ಬದಲಾದ ಒಂದು ಅಕ್ಷರ: ರುಮಟಾಯ್ಡ್ ಸಂಧಿವಾತದ ಒಂದು ಪ್ರಕರಣ

ರಕ್ತದ ವರದಿಯಲ್ಲಿ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳ ಸಂಖ್ಯೆ ಮೈಕ್ರೋಲೀಟರಿಗೆ 380 ಎಂದಿತ್ತು. ಸಾಮಾನ್ಯವಾಗಿ ಅದು 2,000ದ ಮೇಲಿರಬೇಕು. 500ಕ್ಕಿಂತ ಕೆಳಗಿಳಿದರೆ ಸಣ್ಣ ಗೀರು ಕೂಡ ಜೀವಕ್ಕೆ ಕುತ್ತು ತರುವ ಸೋಂಕಾಗಬಹುದು. ವರದಿ ಹಿಡಿದು ಬಂದವರು 61 ವರ್ಷದ ಮಹಿಳೆ. 15 ವರ್ಷಗಳಿಂದ ರುಮಟಾಯ್ಡ್ ಸಂಧಿವಾತಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರು. ಏಳು ತಿಂಗಳಲ್ಲಿ ಅವರಿಗೆ ಇದು ಮೂರನೇ ಸೋಂಕು. ಮೊದಲು ತೊಡೆಯ ಮೇಲೊಂದು ಕುರು, ಆಮೇಲೆ ವಾರಗಟ್ಟಲೆ ವಾಸಿಯಾಗದ ಬಾಯಿಹುಣ್ಣು, ಈಗ ನ್ಯುಮೋನಿಯಾ.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿನ ರೋಗಿ ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಇದೇ ಬಗೆಯ ಕಾಯಿಲೆಯಲ್ಲಿ ಕಾಣಸಿಗುವ ಸಂಗತಿಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ ಕಟ್ಟಿದ ಮಾದರಿ ಪ್ರಕರಣ ಇದು. ರೋಗಿಯ ಅಂಕಿಗಳು ಮಾದರಿಯವು. ಸಂಶೋಧನೆಗಳ ಬಗ್ಗೆ ಹೇಳುವ ಅಂಕಿಗಳು ಮಾತ್ರ ನಿಜವಾಗಿ ಪ್ರಕಟವಾದಂಥವು.

ಹಿನ್ನೆಲೆ

ಕಾಯಿಲೆ ಶುರುವಾದಾಗ ಅವರಿಗೆ 46 ವರ್ಷ. ಎರಡೂ ಕೈಗಳ ಬೆರಳಿನ ಬುಡದ ಕೀಲುಗಳು ಊದಿಕೊಂಡಿದ್ದವು. ಬೆಳಿಗ್ಗೆ ಎದ್ದ ಮೇಲೆ ಒಂದೂವರೆ ಗಂಟೆ ಕಳೆಯುವವರೆಗೆ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ರುಮಟಾಯ್ಡ್ ಫ್ಯಾಕ್ಟರ್ ಮತ್ತು ಆ್ಯಂಟಿ ಸಿಸಿಪಿ, ಎರಡು ಪರೀಕ್ಷೆಗಳೂ ಬಲವಾಗಿ ಪಾಸಿಟಿವ್. ಎರಡು ವರ್ಷದೊಳಗೆ ಮೊಣಕೈ ಹಿಂಭಾಗದಲ್ಲಿ ಗಂಟುಗಳು ಕಾಣಿಸಿಕೊಂಡವು. ವಾರಕ್ಕೊಮ್ಮೆ 15 ಮಿಲಿಗ್ರಾಂ ಮೆಥೊಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್. ನಿಧಾನವಾಗಿ ಕೀಲುಗಳು ತಣ್ಣಗಾದವು. ಮಣಿಕಟ್ಟಿನಲ್ಲಿ ಅಷ್ಟರೊಳಗೆ ಆಗಿದ್ದ ಸವೆತ ಹಾಗೆಯೇ ಉಳಿಯಿತು.

ಹನ್ನೆರಡನೇ ವರ್ಷದಲ್ಲಿ, ಕೀಲುಗಳು ಶಾಂತವಾಗಿವೆ ಎಂಬ ಕಾರಣಕ್ಕೆ, ಮೆಥೊಟ್ರೆಕ್ಸೇಟನ್ನು ನಾನೇ 7.5 ಮಿಲಿಗ್ರಾಂಗೆ ಇಳಿಸಿದೆ. ಸಮಂಜಸವಾಗಿಯೇ ಕಂಡ ನಿರ್ಧಾರ ಅದು. ಈ ಪ್ರಕರಣದ ಕೀಲಿಕೈ ಅಲ್ಲಿಯೇ ಇತ್ತು ಎಂಬುದು ಗೊತ್ತಾದದ್ದು ಬಹಳ ತಡವಾಗಿ.

ಮೊದಲ ಊಹೆ

ಬಿಳಿ ರಕ್ತಕಣಗಳು ಒಟ್ಟು 2,300. ಅದರಲ್ಲಿ ನ್ಯೂಟ್ರೊಫಿಲ್ 380, ಲಿಂಫೋಸೈಟ್ 1,650. ಹಿಮೋಗ್ಲೋಬಿನ್ 10.4. ಪ್ಲೇಟ್ಲೆಟ್ ಸ್ವಲ್ಪವೇ ಕಡಿಮೆ. ಸಂಧಿವಾತದ ರೋಗಿಯೊಬ್ಬರು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದಾಗ ಬಿಳಿ ಕಣ ಇಳಿದರೆ ಮೊದಲು ಅನುಮಾನ ಹೋಗುವುದು ಆ ಮಾತ್ರೆಯ ಮೇಲೆ. ಹೋಗಲೇಬೇಕು, ಏಕೆಂದರೆ ಅದು ಅಸ್ಥಿಮಜ್ಜೆಯನ್ನು ಕುಗ್ಗಿಸಬಲ್ಲ ಔಷಧ. ಮೂತ್ರಪಿಂಡ ಸೊರಗಿದ್ದರೆ, ಅಥವಾ ವಾರಕ್ಕೊಮ್ಮೆ ನುಂಗಬೇಕಾದ್ದನ್ನು ರೋಗಿ ತಿಳಿಯದೆ ದಿನವೂ ನುಂಗಿದ್ದರೆ, ಅಪಾಯ ಇನ್ನೂ ಹೆಚ್ಚು. ಮಾತ್ರೆ ನಿಲ್ಲಿಸಿದೆ. ಸೋಂಕಿಗೆ ಆ್ಯಂಟಿಬಯೋಟಿಕ್ ಕೊಟ್ಟೆವು. ನ್ಯೂಟ್ರೊಫಿಲ್ ಉತ್ಪಾದನೆಯನ್ನು ಚುರುಕುಗೊಳಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದನ್ನೂ ಕೆಲವು ದಿನ ಕೊಟ್ಟೆವು.

ನ್ಯುಮೋನಿಯಾ ವಾಸಿಯಾಯಿತು. ಆದರೆ ಚುಚ್ಚುಮದ್ದು ಕೊಟ್ಟ ವಾರದಲ್ಲೇ ಎರಡೂ ಮಣಿಕಟ್ಟುಗಳು ಕೆಂಪಗೆ ಊದಿಕೊಂಡವು. ಚುಚ್ಚುಮದ್ದಿನ ಪ್ರಭಾವ ಇಳಿಯುತ್ತಿದ್ದಂತೆ ನ್ಯೂಟ್ರೊಫಿಲ್ ಮತ್ತೆ ಕುಸಿಯಿತು. ಮೆಥೊಟ್ರೆಕ್ಸೇಟಿನಿಂದಲೇ ಆದ ಇಳಿಕೆಯಾಗಿದ್ದರೆ ಔಷಧ ನಿಲ್ಲಿಸಿದ ಕೆಲವು ವಾರಗಳಲ್ಲಿ ಮಜ್ಜೆ ಚೇತರಿಸಿಕೊಳ್ಳಬೇಕಿತ್ತು. ಎರಡು ತಿಂಗಳಾದ ಮೇಲಿನ ಸಂಖ್ಯೆ 340. ಇಳಿದದ್ದು ಏರಲಿಲ್ಲ, ಇನ್ನಷ್ಟು ಇಳಿದಿತ್ತು.

ಆ ದಿನ ಅವರ ಮಗಳು ಹಳೆಯ ವರದಿಗಳ ಕಡತವನ್ನು ತಂದಿದ್ದರು. ಹದಿನೈದು ವರ್ಷಗಳ ಕಾಗದ, ದಿನಾಂಕದ ಪ್ರಕಾರ ಜೋಡಿಸಿದ್ದು. ನಾವಿಬ್ಬರೂ ಮೇಜಿನ ಮೇಲೆ ಹರಡಿಕೊಂಡು ನ್ಯೂಟ್ರೊಫಿಲ್ ಸಂಖ್ಯೆಗಳನ್ನು ಒಂದು ಹಾಳೆಗೆ ಇಳಿಸಿದೆವು, ಪಕ್ಕದಲ್ಲಿ ಆಯಾ ಕಾಲದ ಮೆಥೊಟ್ರೆಕ್ಸೇಟ್ ಪ್ರಮಾಣ. 15 ಮಿಲಿಗ್ರಾಂ ಇದ್ದ ಅಷ್ಟೂ ವರ್ಷ ನ್ಯೂಟ್ರೊಫಿಲ್ 2,500ರಿಂದ 3,500ರ ನಡುವೆ ಇತ್ತು. ಪ್ರಮಾಣ ಇಳಿಸಿದ ಮೇಲೆ 2,100, 1,600, 1,100, 700. ಪೂರ್ತಿ ನಿಲ್ಲಿಸಿದ ಮೇಲೆ 340. ಮಾತ್ರೆ ಹೆಚ್ಚಿದ್ದಾಗ ಕಣ ಹೆಚ್ಚು, ಮಾತ್ರೆ ಇಳಿದಂತೆ ಕಣವೂ ಇಳಿದಿದೆ. ನಾನು ಅಪರಾಧಿ ಎಂದು ಹಿಡಿದದ್ದೇ ಅಷ್ಟು ವರ್ಷ ಕಾವಲು ಕಾದಿತ್ತು. ಒಂದೊಂದು ಭೇಟಿಯಲ್ಲೂ ಒಂದೊಂದು ವರದಿಯನ್ನು ಬಿಡಿಯಾಗಿ ನೋಡಿದ್ದ ನನಗೆ ಆ ಗೆರೆ ಕಂಡಿರಲಿಲ್ಲ. ಇದನ್ನು ಬರೆಯಲು ಮುಖ್ಯ ಕಾರಣವೇ ಆ ಹಾಳೆ.

ಗುಲ್ಮ, ರಕ್ತದ ಲೇಪ

ಹೊಟ್ಟೆ ಮುಟ್ಟಿ ನೋಡಿದರೆ ಎಡ ಪಕ್ಕೆಲುಬಿನ ಕೆಳಗೆ ಗುಲ್ಮ (ಸ್ಪ್ಲೀನ್) ಕೈಗೆ ಸಿಕ್ಕಿತು. ಅಲ್ಟ್ರಾಸೌಂಡಿನಲ್ಲಿ ಅಳತೆ 16.5 ಸೆಂಟಿಮೀಟರ್.

ದೀರ್ಘಕಾಲದ ಸಂಧಿವಾತ, ಕುಸಿದ ನ್ಯೂಟ್ರೊಫಿಲ್, ಹಿಗ್ಗಿದ ಗುಲ್ಮ. ಈ ಮೂರು ಒಟ್ಟಿಗೆ ಕಂಡ ಐವರು ರೋಗಿಗಳನ್ನು ಅಮೆರಿಕದ ವೈದ್ಯ ಆಗಸ್ಟಸ್ ರಾಯ್ ಫೆಲ್ಟಿ 1924ರಲ್ಲಿ ವಿವರಿಸಿದರು. ಅದಕ್ಕೇ ಫೆಲ್ಟಿ ಸಿಂಡ್ರೋಮ್ ಎಂಬ ಹೆಸರು. ಸಂಧಿವಾತ ಇರುವವರಲ್ಲಿ ಅತಿ ಕಡಿಮೆ ಜನಕ್ಕೆ ಮಾತ್ರ, ಅದೂ ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆ ಬರುತ್ತದೆ. ಆಗ ಕೀಲುಗಳು ಹೆಚ್ಚಾಗಿ ಶಾಂತವಾಗಿರುವುದರಿಂದ ವೈದ್ಯರ ಗಮನ ಸಡಿಲವಾಗಿರುತ್ತದೆ. ಜಿ-ಸಿಎಸ್‌ಎಫ್ ಕೊಟ್ಟಾಗ ಕೀಲುಗಳು ಕೆರಳುವುದೂ ಈ ಕಾಯಿಲೆಯಲ್ಲಿ ಗೊತ್ತಿರುವ ಸಂಗತಿ.

ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಗಾಜಿನ ಮೇಲೆ ಹರಡಿದ ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಪೆಥಾಲಜಿಸ್ಟ್ ಫೋನ್ ಮಾಡಿದರು: "ಲಿಂಫೋಸೈಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ದೊಡ್ಡವು ಇವೆ, ಒಳಗೆ ಕೆನ್ನೀಲಿ ಕಣಗಳು. ಒಂದ್ಸಲ ಫ್ಲೋ ಮಾಡಿಸಿ." ಇಂಥ ಕೋಶಗಳಿಗೆ ಲಾರ್ಜ್ ಗ್ರ್ಯಾನ್ಯುಲರ್ ಲಿಂಫೋಸೈಟ್ ಎನ್ನುತ್ತಾರೆ, ಚುಟುಕಾಗಿ ಎಲ್‌ಜಿಎಲ್. ಆರೋಗ್ಯವಂತರ ರಕ್ತದಲ್ಲೂ ಇರುತ್ತವೆ, ಆದರೆ ಇಷ್ಟಲ್ಲ.

ಕೋಶಗಳ ಮೇಲ್ಮೈಯ ಗುರುತುಗಳನ್ನು ಓದುವ ಫ್ಲೋ ಸೈಟೊಮೆಟ್ರಿ ಪರೀಕ್ಷೆಯಲ್ಲಿ ಆ ಕೋಶಗಳು ಸಿಡಿ3, ಸಿಡಿ8, ಸಿಡಿ57 ಗುರುತು ಹೊತ್ತವು ಎಂದು ತಿಳಿಯಿತು. ಅಂದರೆ ಬೇರೆ ಕೋಶಗಳನ್ನು ಕೊಲ್ಲುವ ಕೆಲಸದ ಟಿ ಕೋಶಗಳು. ಮೈಕ್ರೋಲೀಟರಿಗೆ ಸುಮಾರು 850. ಪ್ರತಿಯೊಂದು ಟಿ ಕೋಶಕ್ಕೂ ಗುರುತು ಹಿಡಿಯುವ ತನ್ನದೇ ಗ್ರಾಹಿ ಇರುತ್ತದೆ. ಬೇರೆ ಬೇರೆ ಕೋಶಗಳು ಸೇರಿದ ಗುಂಪಾದರೆ ಗ್ರಾಹಿಗಳ ಜೀನ್ ಜೋಡಣೆಯೂ ಬೇರೆ ಬೇರೆ ಇರಬೇಕು. ಇವರಲ್ಲಿ ಒಂದೇ ಜೋಡಣೆ ಎದ್ದು ಕಂಡಿತು. ಒಂದೇ ತಾಯಿಕೋಶದಿಂದ ಹುಟ್ಟಿ ಬೆಳೆದ ತದ್ರೂಪಿ ಸಂತಾನ ಅದು.

ಆಮೇಲೆ ಕಳಿಸಿದ್ದು, ಕೋಶಕ್ಕೆ ಬದುಕಿ ಬೆಳೆಯಲು ಹೇಳುವ ಸ್ಟಾಟ್3 ಎಂಬ ಜೀನಿನ ಪರೀಕ್ಷೆಗೆ. ಸಿಡಿ8 ಕೋಶಗಳನ್ನು ಬೇರ್ಪಡಿಸಿ ಆಳವಾಗಿ ಸೀಕ್ವೆನ್ಸಿಂಗ್ ಮಾಡಿದಾಗ ಡಿಎನ್‌ಎಯಲ್ಲಿ ಒಂದು ಕಡೆ ಎ ಅಕ್ಷರ ಇರಬೇಕಾದಲ್ಲಿ ಟಿ ಸಿಕ್ಕಿತು. ಆ ಒಂದು ಅಕ್ಷರದಿಂದ ಪ್ರೋಟೀನಿನ 640ನೇ ಸ್ಥಾನದಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲ ಹೋಗಿ ಫಿನೈಲ್‌ಅಲನಿನ್ ಬಂದು ಕೂರುತ್ತದೆ. ಓದಿದ ಡಿಎನ್‌ಎ ಎಳೆಗಳಲ್ಲಿ 21 ಶೇಕಡಾದಲ್ಲಿ ಈ ಬದಲಾವಣೆ. ಪ್ರತಿ ಕೋಶದಲ್ಲೂ ಈ ಜೀನಿನ ಎರಡು ಪ್ರತಿಗಳಿದ್ದು, ಒಂದು ಮಾತ್ರ ಬದಲಾಗಿದೆ ಎಂದುಕೊಂಡರೆ ಸಿಡಿ8 ಕೋಶಗಳ ಪೈಕಿ ಸುಮಾರು 42 ಶೇಕಡಾ ಈ ಬದಲಾವಣೆ ಹೊತ್ತಿವೆ. ಅವರದೇ ಇನ್ನೊಂದು ಬಗೆಯ ಟಿ ಕೋಶಗಳಾದ ಸಿಡಿ4 ಕೋಶಗಳಲ್ಲಿ ಅದು ಇರಲಿಲ್ಲ. ಕೆನ್ನೆಯ ಒಳಭಾಗದಿಂದ ಒರೆಸಿ ತೆಗೆದ ಕೋಶಗಳಲ್ಲೂ ಇರಲಿಲ್ಲ.

ಹುಟ್ಟಿನಿಂದ ಬಂದದ್ದಲ್ಲ

"ಅಮ್ಮನಿಗೆ ಜೀನ್ ದೋಷ ಅಂದ್ರೆ ನನಗೂ ಇರುತ್ತಾ ಡಾಕ್ಟ್ರೇ? ನನ್ನ ಮಗನಿಗೆ?" ಮಗಳು ಮೊದಲು ಕೇಳಿದ್ದು ಇದನ್ನೇ.

ಇಲ್ಲ. ಜೀನಿನ ಬದಲಾವಣೆಗೆ ಹೇಳುವ ಉತ್ಪರಿವರ್ತನೆ (ಮ್ಯುಟೇಶನ್) ಎಂಬ ಒಂದೇ ಪದದಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ತಂದೆತಾಯಿಯಿಂದ ಬಂದ ಬದಲಾವಣೆ ಮೈಯ ಎಲ್ಲ ಕೋಶಗಳಲ್ಲೂ ಇರುತ್ತದೆ, ಮಕ್ಕಳಿಗೂ ಹೋಗಬಹುದು. ಇವರಲ್ಲಿ ಸಿಕ್ಕಿದ್ದು ಬದುಕಿನ ನಡುವೆ ಎಂದೋ ಒಂದು ದಿನ, ಒಂದೇ ಒಂದು ಕೋಶದಲ್ಲಿ ಆದದ್ದು. ಅದು ಆ ಕೋಶದ ಸಂತತಿಯಲ್ಲಿ ಮಾತ್ರ ಇದೆ. ಕೆನ್ನೆಯ ಕೋಶಗಳನ್ನು ಪರೀಕ್ಷಿಸಿದ್ದು ಇದನ್ನು ಖಚಿತಪಡಿಸಿಕೊಳ್ಳಲೆಂದೇ.

ಸಂಧಿವಾತಕ್ಕೆ ಆನುವಂಶಿಕ ಒಲವು ಇಲ್ಲವೆಂದಲ್ಲ, ಅದೂ ಇದೆ. ಎಚ್‌ಎಲ್‌ಎ ಡಿಆರ್4 ಗುಂಪಿನ ಜೀನುಗಳ ನಂಟು 1970ರ ದಶಕದಲ್ಲೇ ತಿಳಿದಿತ್ತು. ಪಿಟಿಪಿಎನ್22 ಜೀನಿನ ನಂಟು 2004ರಲ್ಲಿ ಸಿಕ್ಕಿತು. ಆದರೆ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಬಂದಾಗ ಇನ್ನೊಬ್ಬರಿಗೂ ಇರುವುದು ಸುಮಾರು 15 ಶೇಕಡಾ ಮಾತ್ರ ಎಂದು ಬ್ರಿಟನ್ನಿನಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹುಟ್ಟಿನಿಂದ ಬಂದ ಜೀನು ಅಷ್ಟೂ ಒಂದೇ, ಆದರೂ ಹೆಚ್ಚಿನ ಜೋಡಿಗಳಲ್ಲಿ ಒಬ್ಬರು ಕಾಯಿಲೆಯಿಂದ ಪಾರಾಗುತ್ತಾರೆ. ಉಳಿದದ್ದರಲ್ಲಿ ಧೂಮಪಾನದಂಥ ಹೊರಗಿನ ಕಾರಣಗಳಿವೆ. ಹುಟ್ಟಿದ ಮೇಲೆ ಕೋಶಗಳಲ್ಲಿ ಆಗುವ ಬದಲಾವಣೆಗೂ ಅಲ್ಲೊಂದು ಪಾಲು ಇರಬಹುದೇ ಎಂಬ ಕುತೂಹಲ ಸಹಜ.

ಮಗಳಿಗೆ ಪರೀಕ್ಷೆ ಬೇಡ ಎಂದೆ. ಕೀಲು ಊದಿಕೊಂಡು ಆರು ವಾರ ದಾಟಿದರೆ ಮಾತ್ರ ಬರಲಿ ಎಂದೆ. ಆದರೆ ಆ ಮನೆಯವರ ಮುಖದಲ್ಲಿ ಆತಂಕ ಪೂರ್ತಿ ಇಳಿಯಲಿಲ್ಲ, ಏಕೆಂದರೆ ವರದಿಯ ಕೊನೆಯ ಸಾಲಿನಲ್ಲಿ "ಎಲ್‌ಜಿಎಲ್ ಲ್ಯುಕೇಮಿಯಾ" ಎಂಬ ಪದವಿತ್ತು.

ಆ ಪದಕ್ಕೆ ಎರಡು ಭೇಟಿಗಳೇ ಬೇಕಾದವು. ಹೆಸರಿನಲ್ಲಿ ರಕ್ತದ ಕ್ಯಾನ್ಸರ್ ಇದೆ. ಆದರೆ ಹೆಚ್ಚಿನವರಲ್ಲಿ ಇದು ವರ್ಷಗಟ್ಟಲೆ ನಿಧಾನವಾಗಿ ಸಾಗುವ ಕಾಯಿಲೆ. ತೊಂದರೆ ಕೊಡುವುದು ಕೋಶಗಳ ಸಂಖ್ಯೆಗಿಂತ ಅವು ನ್ಯೂಟ್ರೊಫಿಲ್‌ಗಳ ಮೇಲೆ ಮಾಡುವ ದಾಳಿ. ಫೆಲ್ಟಿ ಮತ್ತು ಎಲ್‌ಜಿಎಲ್ ಲ್ಯುಕೇಮಿಯಾ ನಡುವೆ ಗೆರೆ ಎಳೆಯುವುದು ಕಷ್ಟ. ಹಳೆಯ ಅಳತೆಗೋಲಿನಂತೆ ಎಲ್‌ಜಿಎಲ್ 2,000 ದಾಟಿರಬೇಕಿತ್ತು. ತದ್ರೂಪಿತನವೂ ರಕ್ತಕಣಗಳ ಕೊರತೆಯೂ ಇದ್ದರೆ ಅದಕ್ಕಿಂತ ಕಡಿಮೆಯಿದ್ದರೂ ಈಗ ಒಪ್ಪುತ್ತಾರೆ. ಫೆಲ್ಟಿ ಇರುವವರಲ್ಲೂ, ಸಂಧಿವಾತ ಜೊತೆಗಿರುವ ಎಲ್‌ಜಿಎಲ್ ರೋಗಿಗಳಲ್ಲೂ ಸುಮಾರು 90 ಶೇಕಡಾ ಜನರಲ್ಲಿ ಎಚ್‌ಎಲ್‌ಎ ಡಿಆರ್4 ಇದೆ. ಎರಡೂ ಒಂದೇ ಕಾಯಿಲೆಯ ಎರಡು ತುದಿಗಳು ಎಂಬುದು ನನ್ನ ನಂಬಿಕೆ. ಯಾವ ಹೆಸರಿಟ್ಟರೂ ಅವರ ಚಿಕಿತ್ಸೆ ಬದಲಾಗುತ್ತಿರಲಿಲ್ಲ.

ಒಂದು ಅಕ್ಷರ ಏನು ಮಾಡುತ್ತದೆ

ಟಿ ಕೋಶ ತನಗೆ ಹೊಂದುವ ಗುರುತನ್ನು ಕಂಡಾಗ ಒಡೆಯತೊಡಗುತ್ತದೆ. ಒಂದು ಎರಡಾಗಿ, ನಾಲ್ಕಾಗಿ, ಕೆಲವೇ ದಿನಗಳಲ್ಲಿ ಸಾವಿರಾರು. ಪ್ರತಿ ಸಲವೂ ಸುಮಾರು 600 ಕೋಟಿ ಅಕ್ಷರಗಳ ಡಿಎನ್‌ಎ ನಕಲಾಗಬೇಕು. ಅಲ್ಲೊಂದು ಇಲ್ಲೊಂದು ತಪ್ಪು ಉಳಿದೇ ಉಳಿಯುತ್ತದೆ. ಬಹುಪಾಲು ತಪ್ಪುಗಳಿಂದ ಏನೂ ಆಗುವುದಿಲ್ಲ. ಕೋಶಕ್ಕೆ "ಬದುಕಿರು, ಒಡೆಯುತ್ತಿರು" ಎಂದು ಹೇಳುವ ಜೀನಿನಲ್ಲಿ ತಪ್ಪಾದರೆ ಮಾತ್ರ ಆ ಕೋಶದ ಸಂತತಿ ಮಿಕ್ಕವನ್ನು ಹಿಂದೆ ಹಾಕಿ ಬೆಳೆಯುತ್ತದೆ.

ಸ್ಟಾಟ್3 ಅಂಥ ಜೀನು. ಹೊರಗಿನಿಂದ ಇಂಟರ್‌ಲ್ಯೂಕಿನ್ 6ರಂಥ ಸಂದೇಶ ಬಂದಾಗ ಎರಡು ಸ್ಟಾಟ್3 ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಎಚ್ಚರಿಸುತ್ತವೆ. ಸಂದೇಶ ನಿಂತಾಗ ಬಿಡಿಯಾಗುತ್ತವೆ. ಅಂಟಿಕೊಳ್ಳುವ ಆ ಜಾಗದಲ್ಲೇ ಇವರ ಬದಲಾವಣೆ ಇದೆ. ಅಂಟು ಗಟ್ಟಿಯಾದ್ದರಿಂದ ಸಂದೇಶ ನಿಂತ ಮೇಲೂ ಜೋಡಿ ಸುಲಭವಾಗಿ ಬಿಡುವುದಿಲ್ಲ. ಹೀಗೆ ಸಾಯದೆ ಉಳಿದ ಕೋಶಗಳು ಫಾಸ್ ಲಿಗ್ಯಾಂಡ್ ಎಂಬ ಅಣುವನ್ನು ಹೊರಬಿಡುತ್ತವೆ. ನ್ಯೂಟ್ರೊಫಿಲ್‌ಗಳಿಗೆ ಅದು ಸಾವಿನ ಸೂಚನೆ. ಹಿಗ್ಗಿದ ಗುಲ್ಮ ಇನ್ನಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ನ್ಯೂಟ್ರೊಫಿಲ್‌ಗಳ ವಿರುದ್ಧ ಎದ್ದ ಪ್ರತಿಕಾಯಗಳು ಮತ್ತಷ್ಟನ್ನು ಕೊಲ್ಲುತ್ತವೆ.

ಈ ಕ್ಷೇತ್ರದಲ್ಲಿ ಹೆಚ್ಚು ಕೆಲಸ ಮಾಡಿದ್ದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಾತು ಮುಸ್ತ್ಯೋಕಿ ಅವರ ತಂಡ. 2012ರಲ್ಲಿ ಅವರು ಮತ್ತು ಸಂಗಡಿಗರು 77 ಎಲ್‌ಜಿಎಲ್ ಲ್ಯುಕೇಮಿಯಾ ರೋಗಿಗಳ ಪೈಕಿ 31 ಮಂದಿಯಲ್ಲಿ ಸ್ಟಾಟ್3 ಬದಲಾವಣೆ ಕಂಡರು. 2017ರಲ್ಲಿ ಪೌಲಾ ಸಾವೊಲಾ ಮೊದಲ ಲೇಖಕಿಯಾಗಿ ಪ್ರಕಟಿಸಿದ ಅಧ್ಯಯನ ನೇರವಾಗಿ ಸಂಧಿವಾತಕ್ಕೇ ಕೈ ಹಾಕಿತು. ಆಗಷ್ಟೇ ಕಾಯಿಲೆ ಪತ್ತೆಯಾದ 25 ಮಂದಿಯಲ್ಲಿ, ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಸುಮಾರು ಸಾವಿರ ಜೀನುಗಳನ್ನು ಓದಿದರು. ಐವರ ಸಿಡಿ8 ಕೋಶಗಳಲ್ಲಿ ಬದುಕಿನ ನಡುವೆ ಆದ ಬದಲಾವಣೆಗಳು ಸಿಕ್ಕವು, ಸಿಡಿ4 ಕೋಶಗಳಲ್ಲಿ ಇಲ್ಲ. 20 ಆರೋಗ್ಯವಂತರ ಸಿಡಿ8 ಕೋಶಗಳಲ್ಲಿ ಸಿಕ್ಕಿದ್ದು ಒಂದೇ ಒಂದು ಬದಲಾವಣೆ. ಬದಲಾದ ಜೀನುಗಳಲ್ಲಿ ಎಸ್‌ಎಲ್‌ಎಎಮ್‌ಎಫ್6 ಮತ್ತು ಐಆರ್‌ಎಫ್1 ಹಿಂದೆಯೇ ಸ್ವಯಂನಿರೋಧಕ ಕಾಯಿಲೆಗಳ, ಅಂದರೆ ರೋಗನಿರೋಧಕ ವ್ಯವಸ್ಥೆ ತನ್ನದೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆಗಳ, ಜೊತೆ ಹೆಸರು ಕೇಳಿಬಂದಂಥವು. ಮರುವರ್ಷ ಅದೇ ತಂಡ 14 ಫೆಲ್ಟಿ ರೋಗಿಗಳನ್ನು ಪರೀಕ್ಷಿಸಿದಾಗ ಆರು ಮಂದಿಯಲ್ಲಿ ಸ್ಟಾಟ್3 ಬದಲಾವಣೆ ಇತ್ತು. ನಮ್ಮ ರೋಗಿ ಆ ಆರು ಮಂದಿಯ ಸಾಲಿಗೆ ಸೇರುವವರು.

ಮೊದಲು ಬಂದದ್ದು ಯಾವುದು

ಹಾಗಾದರೆ ಈ ಬದಲಾವಣೆಯೇ ಅವರಿಗೆ ಸಂಧಿವಾತ ತಂದಿತೇ? ಇಲ್ಲಿ ಅವಸರ ಪಡಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ. ಸುದ್ದಿಗಳಲ್ಲಿ "ಸಂಧಿವಾತಕ್ಕೆ ಕಾರಣವಾದ ಜೀನ್ ಪತ್ತೆ" ಎಂಬ ಸಾಲು ಎಷ್ಟೋ ಜನರಲ್ಲಿ ಸುಳ್ಳು ಭರವಸೆಯನ್ನೂ ಸುಳ್ಳು ಭಯವನ್ನೂ ಹುಟ್ಟಿಸಿದೆ.

ಹೌದೆನ್ನಲು ಆಧಾರಗಳಿವೆ. ಹುಟ್ಟಿನಿಂದಲೇ ಸ್ಟಾಟ್3 ಅತಿಚುರುಕಾಗಿರುವ ಮಕ್ಕಳಿಗೆ ಎಳವೆಯಲ್ಲೇ ಹಲವು ಅಂಗಗಳ ಸ್ವಯಂನಿರೋಧಕ ಕಾಯಿಲೆ ಬರುತ್ತದೆ ಎಂದು 2014ರಿಂದ ಗೊತ್ತಿದೆ. ಆಸ್ಟ್ರೇಲಿಯಾದ ಗಾರ್ವನ್ ಸಂಸ್ಥೆಯ ಸಂಶೋಧಕರು 2022ರಲ್ಲಿ ಇದೇ ಬಗೆಯ ಬದಲಾವಣೆಯನ್ನು ಇಲಿಗಳಲ್ಲಿ ತಂದಾಗ ಸಿಡಿ8 ಕೋಶಗಳು ಹದ್ದುಮೀರಿ ಬೆಳೆದು ಇಲಿಗಳಿಗೆ ಸ್ವಯಂನಿರೋಧಕ ಕಾಯಿಲೆ ಬಂತು.

ಅಲ್ಲವೆನ್ನಲೂ ಆಧಾರಗಳಿವೆ, ಈ ರೋಗಿಯ ಮಟ್ಟಿಗೆ ಅವೇ ಭಾರವಾದವು. ಹೆಲ್ಸಿಂಕಿಯ 25 ಮಂದಿಯಲ್ಲಿ 20 ಜನಕ್ಕೆ ಓದಿದ ಜೀನುಗಳಲ್ಲಿ ಏನೂ ಸಿಗಲಿಲ್ಲ. ಎಲ್‌ಜಿಎಲ್ ಲ್ಯುಕೇಮಿಯಾ ಇರುವ ಹೆಚ್ಚಿನವರಿಗೆ ಸಂಧಿವಾತ ಇರುವುದಿಲ್ಲ. ಊದಿದ ಕೀಲಿನೊಳಗೆ ಕೆಲಸ ಮಾಡುವುದು ಸಿಡಿ8 ಕೋಶಗಳಷ್ಟೇ ಅಲ್ಲ. ಸಿಡಿ4, ಬಿ ಕೋಶ, ಮ್ಯಾಕ್ರೋಫೇಜ್, ಕೀಲುಪೊರೆಯ ಕೋಶಗಳು ಎಲ್ಲವೂ ಇವೆ. ಬಿ ಕೋಶಗಳನ್ನು ತೆಗೆದುಹಾಕುವ ರಿಟುಕ್ಸಿಮಾಬ್ ಸಂಧಿವಾತವನ್ನು ತಗ್ಗಿಸುತ್ತದೆ ಎಂಬುದೇ ಅದಕ್ಕೆ ಸಾಕ್ಷಿ. ಮೇಲಾಗಿ ಇವರಿಗೆ ಸಂಧಿವಾತ ಬಂದು ಹನ್ನೆರಡು ವರ್ಷ ರಕ್ತಕಣಗಳ ಸಂಖ್ಯೆ ಚೆನ್ನಾಗಿಯೇ ಇತ್ತು.

ನನ್ನ ಓದು ಹೀಗಿದೆ: ಇವರಲ್ಲಿ ಸಂಧಿವಾತ ಮೊದಲು. ವರ್ಷಾನುಗಟ್ಟಲೆ ನಡೆದ ಉರಿಯೂತ ಟಿ ಕೋಶಗಳನ್ನು ಎಡೆಬಿಡದೆ ಒಡೆಸಿತು, ಒಡೆದಷ್ಟೂ ನಕಲು ತಪ್ಪಿಗೆ ಅವಕಾಶ. ಒಂದು ತಪ್ಪು ಸ್ಟಾಟ್3ಗೆ ಬಿತ್ತು. ಉರಿಯೂತದಿಂದ ಹುಟ್ಟಿದ ಆ ಕೋಶ ತನ್ನ ಸರದಿಯಲ್ಲಿ ಕಾಯಿಲೆಯನ್ನು ಹೊಸ ದಾರಿಗೆ ಎಳೆಯಿತು. ಇದನ್ನು ಸಾಬೀತು ಮಾಡಲು 46ನೇ ವಯಸ್ಸಿನ ರಕ್ತದ ಮಾದರಿ ಬೇಕು, ಅದನ್ನು ಯಾರೂ ಕಾಯ್ದಿಟ್ಟಿಲ್ಲ.

ಚಿಕಿತ್ಸೆ

ಎಲ್‌ಜಿಎಲ್ ಲ್ಯುಕೇಮಿಯಾಗೂ ಫೆಲ್ಟಿಗೂ ಮೊದಲ ಸಾಲಿನ ಔಷಧಗಳಲ್ಲಿ ಮೆಥೊಟ್ರೆಕ್ಸೇಟ್ ಇದೆ. ಮೈಯ ಮೇಲ್ಮೈ ಪ್ರತಿ ಚದರ ಮೀಟರಿಗೆ ವಾರಕ್ಕೆ 10 ಮಿಲಿಗ್ರಾಂ. ಇವರ ಲೆಕ್ಕಕ್ಕೆ 15 ಮಿಲಿಗ್ರಾಂ, ಅಂದರೆ ನಾನು ಇಳಿಸುವ ಮೊದಲಿದ್ದ ಅದೇ ಪ್ರಮಾಣ.

"ಅದೇ ಮಾತ್ರೆಯಿಂದ ರಕ್ತ ಇಳಿಯಿತು ಅಂತ ನಿಲ್ಲಿಸಿದ್ರಿ. ಈಗ ಅದನ್ನೇ ತಗೋ ಅಂತೀರಲ್ಲ?" ಎಂದು ರೋಗಿ ಕೇಳಿದರು. ಸಿಟ್ಟಿರಲಿಲ್ಲ, ನಿಜವಾದ ಗೊಂದಲವಿತ್ತು. ಮೇಜಿನ ಮೇಲೆ ಆ ಹಾಳೆಯನ್ನು ಮತ್ತೆ ಬಿಡಿಸಿ ತೋರಿಸಿದೆ. "ಮೊದಲು ಅಂದುಕೊಂಡಿದ್ದು ತಪ್ಪಾಯಿತಮ್ಮಾ" ಎಂದು ನೇರವಾಗಿ ಹೇಳಿದೆ. ಬೇರೆ ದಾರಿಗಳನ್ನೂ ಮಾತಾಡಿದೆವು: ಸೈಕ್ಲೋಫಾಸ್ಫಮೈಡ್, ರಿಟುಕ್ಸಿಮಾಬ್, ಗುಲ್ಮ ತೆಗೆಯುವ ಶಸ್ತ್ರಚಿಕಿತ್ಸೆ. ಸ್ಟಾಟ್3ಗೆ ಸಂದೇಶ ಮುಟ್ಟಿಸುವ ಜಾಕ್ ಕಿಣ್ವಗಳನ್ನು ತಡೆಯುವ ಟೊಫಾಸಿಟಿನಿಬ್ ಸಣ್ಣ ಗುಂಪೊಂದರಲ್ಲಿ ಕೆಲಸ ಮಾಡಿದೆ. ಆದರೆ ಮೆಥೊಟ್ರೆಕ್ಸೇಟ್ ಸೋತರೆ ಮಾತ್ರ ಅದರ ಯೋಚನೆ ಎಂದುಕೊಂಡೆವು. ಮಗಳು ಕಡತ ಮುಚ್ಚಿ, "ಶುರು ಮಾಡಿ ಅಮ್ಮ" ಎಂದರು.

ನ್ಯೂಟ್ರೊಫಿಲ್ 340 ಇರುವಾಗ ಮೆಥೊಟ್ರೆಕ್ಸೇಟ್ ಬರೆಯುವುದು ಸುಲಭದ ಕೆಲಸವಲ್ಲ. ಮೊದಲ ಎರಡು ತಿಂಗಳು ಪ್ರತಿ ವಾರ ರಕ್ತ ಪರೀಕ್ಷೆ, ಜ್ವರ 38 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಆಸ್ಪತ್ರೆಗೆ ಬರಬೇಕೆಂಬ ಕರಾರು. ಈ ಕಾಯಿಲೆಯಲ್ಲಿ ಔಷಧ ಹಿಡಿಯಿತೋ ಇಲ್ಲವೋ ಎಂದು ತೀರ್ಮಾನಿಸಲು ನಾಲ್ಕು ತಿಂಗಳಾದರೂ ಕಾಯಬೇಕು. ಆರನೇ ವಾರ 420. ಏನೂ ಆಗಿಲ್ಲ ಎನ್ನಬಹುದಾದ ಸಂಖ್ಯೆ. ಆ ವಾರ ಅವರಿಗಿಂತ ನಾನೇ ಹೆಚ್ಚು ತಳಮಳಗೊಂಡಿದ್ದೆ. ಮೂರನೇ ತಿಂಗಳು 900. ಐದನೇ ತಿಂಗಳು 1,700. ಎಂಟನೇ ತಿಂಗಳು 2,400. ಮಣಿಕಟ್ಟಿನ ಊತ ಅದಕ್ಕೂ ಮೊದಲೇ ಇಳಿದಿತ್ತು. ಮತ್ತೆ ಸೋಂಕು ಬರಲಿಲ್ಲ.

ಹದಿನಾಲ್ಕನೇ ತಿಂಗಳಲ್ಲಿ ಸ್ಟಾಟ್3 ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿದೆವು. ಮೊದಲು 21 ಶೇಕಡಾ ಇದ್ದದ್ದು ಈಗ 19. ಅಳತೆಯ ಏರುಪೇರು ಬಿಟ್ಟರೆ ಬದಲಾವಣೆಯೇ ಇಲ್ಲ ಎನ್ನಬೇಕು. ರಕ್ತಕಣಗಳು ಸರಿಹೋದ ಮೇಲೂ ತದ್ರೂಪಿ ಕೋಶಗಳು ಉಳಿದುಕೊಳ್ಳುವುದು ಈ ಕಾಯಿಲೆಯಲ್ಲಿ ಹೊಸದಲ್ಲ. ಮೆಥೊಟ್ರೆಕ್ಸೇಟ್ ಆ ಕೋಶಗಳನ್ನು ಅಳಿಸಿಹಾಕಿಲ್ಲ, ಅವುಗಳ ಕೈ ಕಟ್ಟಿದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

"ಹಾಗಾದ್ರೆ ಅದು ಇನ್ನೂ ಒಳಗೇ ಇದೆ" ಎಂದರು ಅವರು, ವರದಿ ನೋಡುತ್ತಾ. ಇದೆ ಎಂದೆ. ಗುಲ್ಮದ ಅಳತೆ 14.8 ಸೆಂಟಿಮೀಟರಿಗೆ ಇಳಿದಿತ್ತು. ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿದೆ, ಎಲ್ಲೂ ನೋವಿರಲಿಲ್ಲ. ನಾಲ್ಕು ವರ್ಷಕ್ಕೂ ಹಿಂದೆ ಇಷ್ಟೇ ಶಾಂತವಾಗಿದ್ದ ಕೀಲುಗಳನ್ನು ನೋಡಿಯೇ ನಾನು ಮಾತ್ರೆ ಇಳಿಸಿದ್ದು. ಈ ಸಲ ಚೀಟಿಯಲ್ಲಿ 15 ಮಿಲಿಗ್ರಾಂ ಎಂದೇ ಬರೆದು, ಆರು ವಾರದ ನಂತರದ ರಕ್ತ ಪರೀಕ್ಷೆಯ ದಿನಾಂಕವನ್ನು ಕಡತದಲ್ಲಿನ ಆ ಹಾಳೆಯ ಕೊನೆಗೆ ಸೇರಿಸಿದೆ.